ಪಹಣಿ ಇಲ್ಲದ ಊರು

ಕಳೆದ ಮಳೆಗಾಲದಲ್ಲಿ ಅಪ್ಪ ಎರಡು ತಿಂಗಳು ನಮ್ಮ ಜೊತೆಗಿದ್ದರು. ರಾತ್ರಿ ಊಟ ಮುಗಿಸಿ ನಾನು ಕಂಪ್ಯೂಟರಿನ ಮುಂದೆ ಕುಳಿತರೆ ಅವರೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ವಿಡಿಯೊ ಗೇಮುಗಳ ಬಗ್ಗೆ ಅವರಿಗೆ ಯಾವ ಒಲವೂ ಇಲ್ಲ. ಆದರೆ ಭೂಮಾಪನ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ವೆಯರ್ ಆಗಿ ದುಡಿದವರಾದ್ದರಿಂದ, ಹೊಲಗಳನ್ನು ಮೇಲಿನಿಂದ ತೋರಿಸುವ ಚಿತ್ರ ಯಾವುದೇ ಇರಲಿ, ಅದನ್ನು ಕಂಡರೆ ಅವರಿಗೆ ಎದ್ದು ಹೋಗಲು ಮನಸ್ಸಾಗುವುದಿಲ್ಲ. ನಾನಾಗ ಆಡುತ್ತಿದ್ದುದು ಮೇನರ್ ಲಾರ್ಡ್ಸ್. 14ನೆಯ ಶತಮಾನದ ಕೊನೆಯ ಭಾಗದ ಜರ್ಮನಿಯ ಫ್ರಾಂಕೋನಿಯಾ ಸೀಮೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ, ಊರು ಕಟ್ಟುವ ಆಟ. ಅಂದು ನನ್ನ ಊರು ಚೆನ್ನಾಗಿಯೇ ಬೆಳೆದಿತ್ತು. ಆದರೆ ಸಂತೆಯ ಬಯಲಿಗೆ ಹೋಗುವ ದಾರಿ ಒಂದು ಮನೆಯನ್ನು ಬಳಸಿಕೊಂಡು ಹೋಗುತ್ತಿದ್ದುದರಿಂದ, ಮರದ ದಿಮ್ಮಿ ಎಳೆದು ತರುವ ಎತ್ತು ಪ್ರತಿ ಸಲವೂ ಸುತ್ತು ಹಾಕಬೇಕಾಗಿತ್ತು. ದಾರಿಯನ್ನು ನೇರ ಮಾಡೋಣವೆಂದು ಆ ಮನೆಯ ಮೇಲೆ ಮೌಸ್ ಇಟ್ಟು ಕೆಡವುವ ಗುಂಡಿ ಒತ್ತಿದೆ. ಮನೆ ಹೋಯಿತು. ಊರಿನವರ ಸಮ್ಮತಿಯ ಅಂಕಿ ಒಂದಿಷ್ಟು ಇಳಿಯಿತು, ಅಷ್ಟೇ.

ಅಪ್ಪ ಕನ್ನಡಕ ಸರಿಮಾಡಿಕೊಂಡು, "ಆ ಜಾಗ ಯಾರ ಹೆಸರಿನಲ್ಲಿದೆ?" ಎಂದು ಕೇಳಿದರು.

"ಎಲ್ಲಾ ನನ್ನದೇ ಅಪ್ಪ. ಈ ಆಟದಲ್ಲಿ ನಾನೇ ಒಡೆಯ" ಎಂದೆ.

"ಒಡೆಯನಾದರೇನು? ಪಹಣಿ ನೋಡಬೇಡವೇನೋ? ಅವರಿಗೊಂದು ನೋಟಿಸ್ ಕೊಡಬೇಡವೇ?" ಎಂದವರು ಮಲಗಲು ಎದ್ದುಹೋದರು. ಅವರು ಹೇಳಿದ್ದು ತಮಾಷೆಗೆ ಎಂದು ಗೊತ್ತಿದ್ದರೂ ಆ ಮಾತು ಅಲ್ಲಿಗೇ ಮುಗಿಯಲಿಲ್ಲ. ಈ ಬಗೆಯ ಆಟಗಳನ್ನು ನಾನು ಕಾಲೇಜಿನ ದಿನಗಳಿಂದ ಆಡುತ್ತಾ ಬಂದಿದ್ದೇನೆ. ಅವುಗಳಲ್ಲಿ ಇತಿಹಾಸ ಎಷ್ಟು ಸರಿಯಾಗಿದೆ ಎಂದು ಗೆಳೆಯರೊಡನೆ ಗಂಟೆಗಟ್ಟಲೆ ವಾದಿಸಿದ್ದೇನೆ. ಆ ಯಾವ ವಾದದಲ್ಲಿಯೂ ಈ ಪ್ರಶ್ನೆ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಆಲೂಗಡ್ಡೆಯ ತಕರಾರು

ನಾವು ವಾದಿಸುತ್ತಿದ್ದುದು ಹೆಚ್ಚಾಗಿ ಕಣ್ಣಿಗೆ ಬೀಳುವ ತಪ್ಪುಗಳ ಬಗ್ಗೆ. 2014ರಲ್ಲಿ ಬಂದ ಬ್ಯಾನಿಶ್ಡ್ ಆಟದಲ್ಲಿ ಹುಲ್ಲು ಮಾಡಿನ, ಮರದ ಗೋಡೆಯ ಯುರೋಪಿನ ಹಳ್ಳಿಯಂತೆ ಕಾಣುವ ಊರಿನಲ್ಲಿ ಆಲೂಗಡ್ಡೆ, ಮುಸುಕಿನ ಜೋಳ, ಸಿಹಿಗುಂಬಳ ಬೆಳೆಯಬಹುದು. ಇವೆಲ್ಲ ಕೊಲಂಬಸನ 1492ರ ಪಯಣದ ನಂತರ ಯುರೋಪಿಗೆ ಬಂದ ಬೆಳೆಗಳು. ಬ್ಯಾನಿಶ್ಡ್ ತಾನು ಇಂಥ ಕಾಲದ ಇಂಥ ದೇಶದ ಕಥೆಯೆಂದು ಎಲ್ಲಿಯೂ ಹೇಳಿಕೊಳ್ಳದ ಕಾರಣ ಅದನ್ನು ತಪ್ಪೆಂದು ಕರೆಯುವುದೂ ಕಷ್ಟವೇ, ಆದರೂ ನಾವು ಬಿಡುತ್ತಿರಲಿಲ್ಲ. ಕವಚದ ಆಕಾರ ಯಾವ ದಶಕದ್ದು, ಕೋಟೆಯ ಗೋಡೆಗೆ ಸುಣ್ಣ ಬಳಿದಿರುತ್ತಿದ್ದರೇ, ಬೀದಿಯಲ್ಲಿ ಅಷ್ಟು ಕೆಸರು ಇತ್ತೇ ಎಂಬಂಥ ಪ್ರಶ್ನೆಗಳಿಗೆ ಉತ್ತರವಿದೆ. ಉತ್ತರ ಬಲ್ಲವನಿಗೆ ತಾನು ಗೆದ್ದೆನೆಂಬ ಹಿಗ್ಗೂ ಇದೆ. ಆಟ ಮಾಡುವವರಿಗೂ ಇವು ಸುಲಭದ ದೂರುಗಳೇ: ಆಲೂಗಡ್ಡೆಯ ಜಾಗದಲ್ಲಿ ಎಲೆಕೋಸನ್ನು ಇಟ್ಟರೆ ಮುಗಿಯಿತು, ಉಳಿದ ಯಂತ್ರವೆಲ್ಲ ಮೊದಲಿನಂತೆಯೇ ಓಡುತ್ತದೆ.

ಮೇನರ್ ಲಾರ್ಡ್ಸ್ ಇಷ್ಟವಾಗಲು ಕಾರಣವೇನೆಂದರೆ, ಅದು ಇದಕ್ಕಿಂತ ಒಂದು ಹೆಜ್ಜೆ ಕೆಳಗಿಳಿದು ಯಂತ್ರಕ್ಕೇ ಕೈಹಾಕಿದೆ. ಪೋಲೆಂಡಿನ ಗ್ರೆಗ್ ಸ್ಟಿಚೆನ್ ಬಹುಪಾಲು ಒಬ್ಬರೇ ವರ್ಷಗಟ್ಟಲೆ ಕುಳಿತು ಕಟ್ಟಿದ ಈ ಆಟ 2024ರ ಏಪ್ರಿಲ್‌ನಲ್ಲಿ, ಇನ್ನೂ ಪೂರ್ತಿಯಾಗದ ರೂಪದಲ್ಲಿಯೇ ಮಾರಾಟಕ್ಕೆ ಬಂದಿತು. ಅದರಲ್ಲಿ ಮನೆಯೆಂದರೆ ಬರೀ ಮನೆಯಲ್ಲ. ಬೀದಿಗೆ ಮುಖಮಾಡಿದ ಕಿರಿದಾದ ಅಗಲ, ಹಿಂದೆ ಉದ್ದಕ್ಕೆ ಚಾಚಿದ ಹಿತ್ತಲು. ಆ ಹಿತ್ತಲಿನಲ್ಲಿ ಕೋಳಿ, ಆಡು, ತರಕಾರಿ, ಹಣ್ಣಿನ ಮರ. ಮನೆಯ ಅಂತಸ್ತು ಏರಿದರೆ ಅಲ್ಲಿಯೇ ಚಮ್ಮಾರನ ಕೆಲಸ, ಏಲ್ ಎಂಬ ಬಾರ್ಲಿಯ ಮದ್ಯ ತಯಾರಿ. ಮಧ್ಯಯುಗದ ಯುರೋಪಿನ ಪಟ್ಟಣಗಳಲ್ಲಿ ಇದ್ದ ಬರ್ಗೇಜ್ ನಿವೇಶನಗಳ ರೂಪವೇ ಇದು. ಆಟದಲ್ಲಿ ಹೊಲದ ಅಳತೆ ಎಕರೆಯಲ್ಲಿ ಇಲ್ಲ, ಮಾರ್ಗನ್ ಎಂಬ ಹಳೆಯ ಜರ್ಮನ್ ಮಾನದಲ್ಲಿದೆ. ಆ ಪದಕ್ಕೆ ಮುಂಜಾನೆ ಎಂದರ್ಥ. ಒಂದು ಬೆಳಗಿನಲ್ಲಿ ಉತ್ತು ಮುಗಿಸಬಹುದಾದ ನೆಲ. ದಿಮ್ಮಿಗಳನ್ನು ಕಾಡಿನಿಂದ ಎತ್ತೇ ಎಳೆದು ತರಬೇಕು, ಆರಂಭದಲ್ಲಿ ಇಡೀ ಊರಿಗೆ ಇರುವುದು ಒಂದೇ ಎತ್ತು. ಮೊದಲ ಸಲ ಆಡಿದ ರಾತ್ರಿ ನಾನು ಹತ್ತು ನಿಮಿಷ ಏನೂ ಮಾಡದೆ ಆ ಎತ್ತು ಗುಡ್ಡ ಇಳಿದು ಬರುವುದನ್ನು ಕಾಯುತ್ತಾ ಕುಳಿತಿದ್ದೆ. ಬೇರೆ ಆಟಗಳಲ್ಲಿ ಸೌದೆಯೆಂಬುದು ಮೂಲೆಯಲ್ಲಿ ಏರಿಳಿಯುವ ಅಂಕಿ. ಇಲ್ಲಿ ಅದು ಕಾಯಿಸುತ್ತದೆ. ಮುಯ್ಯಾಳಿನ ಲೆಕ್ಕದಲ್ಲಿ ಪಕ್ಕದ ಹೊಲದವರ ಜೋಡಿ ಸಿಗಲೆಂದು ಹದದ ಮಳೆ ಬಿದ್ದ ಮೇಲೂ ಮೂರು ದಿನ ಕಾದು ಕುಳಿತ ಮನೆತನದಿಂದ ಬಂದವನಿಗೆ ಈ ಕಾಯುವಿಕೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಅಪ್ಪನಿಗೆ ಮಾರ್ಗನ್ ಬಹಳ ಹಿಡಿಸಿತು. ಎಕರೆಯೂ ಹುಟ್ಟಿನಲ್ಲಿ ಅದೇ ಬಗೆಯದು: ಒಂದು ಏರು ಎತ್ತುಗಳು ಒಂದು ದಿನದಲ್ಲಿ ಉಳಬಹುದಾದಷ್ಟು ನೆಲ, ಉದ್ದ 40 ಪರ್ಚ್, ಅಗಲ 4 ಪರ್ಚ್. ಭಾರದ ನೇಗಿಲು ಕಟ್ಟಿದ ಎತ್ತುಗಳ ಸಾಲನ್ನು ಪದೇಪದೇ ತಿರುಗಿಸುವುದು ಕಷ್ಟವಾದ್ದರಿಂದಲೇ ಹೊಲದ ಪಟ್ಟಿಗಳು ಅಷ್ಟು ಉದ್ದಕ್ಕೆ, ಅಷ್ಟು ಕಿರಿದಾಗಿ ಹೋದವು ಎನ್ನುವುದು ವಾಡಿಕೆಯ ವಿವರಣೆ. ಪ್ರಮಾಣಿತ ಪರ್ಚ್ ಎಂದರೆ ಹದಿನಾರೂವರೆ ಅಡಿ. ಅಪ್ಪ ಕೂಡಲೇ ಹೇಳಿದರು: "ಅಂದರೆ ಎರಡು ಪರ್ಚಿಗೆ ನಮ್ಮ ಒಂದು ಸರಪಳಿ." ಅವರು ಸೇವೆಯುದ್ದಕ್ಕೂ ಎಳೆದದ್ದು 33 ಅಡಿಯ ಸರಪಳಿ, ಅದರ ಚದರವೇ ಗುಂಟೆ, ಅಂಥ 40 ಗುಂಟೆಗೆ ಒಂದು ಎಕರೆ. ಬ್ರಿಟಿಷರ ಕೈಯಿಂದ ನಮ್ಮ ಕಂದಾಯದ ಕಡತಗಳಿಗೆ ಬಂದ ಈ ಅಳತೆಯ ಒಳಗೆ ಯಾವುದೋ ದೂರದ ಊರಿನ ಎತ್ತುಗಳ ದಣಿವು ಸೇರಿಕೊಂಡಿದೆಯೆಂದು ನಾನು ಅದುವರೆಗೆ ಯೋಚಿಸಿರಲಿಲ್ಲ.

ಐದೂಕಾಲು ಗುಂಟೆ

ಬರ್ಗೇಜ್ ನಿವೇಶನದ ಆಕಾರವನ್ನು ಆಟ ಸರಿಯಾಗಿ ಹಿಡಿದಿದೆಯೆಂದೆ. ಆದರೆ ಬರ್ಗೇಜ್ ಎಂಬ ಪದ ಮೂಲದಲ್ಲಿ ಹೇಳುವುದು ಆಕಾರವನ್ನಲ್ಲ, ಹಕ್ಕನ್ನು. ಇಂಗ್ಲೆಂಡಿನ ಸಾಲ್ಸ್‌ಬರಿಯ ಉದಾಹರಣೆ ನೋಡಿ. ಗುಡ್ಡದ ಮೇಲಿನ ಹಳೆಯ ಊರನ್ನು ಬಿಟ್ಟು, ಬಿಷಪ್ ರಿಚರ್ಡ್ ಪೂರ್ 1220ರಲ್ಲಿ ಕೆಳಗಿನ ಹುಲ್ಲುಗಾವಲಿನಲ್ಲಿ ಹೊಸ ಕೆಥೀಡ್ರಲ್‌ಗೆ ಅಡಿಗಲ್ಲು ಹಾಕಿಸಿ, ಅದರ ಪಕ್ಕದಲ್ಲಿ ಹೊಸ ಪಟ್ಟಣವೊಂದನ್ನು ಗೆರೆ ಎಳೆದು ಹಾಕಿದ. ನಮ್ಮ ಆಟಗಳ ಆಟಗಾರನಿಗೆ ಇತಿಹಾಸದಲ್ಲಿ ಹತ್ತಿರದ ನೆಂಟನೊಬ್ಬನಿದ್ದರೆ ಅವನು ಇಂಥವನೇ: ಖಾಲಿ ಬಯಲು, ಕೈಯಲ್ಲಿ ಅಧಿಕಾರ, ತಲೆಯಲ್ಲಿ ನಕ್ಷೆ. 1225ರ ಸನ್ನದಿನಲ್ಲಿ ಒಂದು ಪೂರ್ಣ ನಿವೇಶನದ ಅಳತೆಯನ್ನು 7 ಪರ್ಚ್ ಉದ್ದ, 3 ಪರ್ಚ್ ಅಗಲ ಎಂದು ನಿಗದಿ ಮಾಡಿ, ವರ್ಷಕ್ಕೆ 12 ಪೆನ್ಸ್ ಬಾಡಿಗೆಯನ್ನೂ ಗೊತ್ತು ಮಾಡಲಾಯಿತು. ಅಪ್ಪ ಪತ್ರಿಕೆಯ ಅಂಚಿನಲ್ಲಿ ಗುಣಿಸಿ, "ಐದೂಕಾಲು ಗುಂಟೆ. ಒಳ್ಳೆಯ ಸೈಟೇ" ಎಂದರು. (ಆ ಕಾಲದಲ್ಲಿ ಪರ್ಚ್ ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು, ಹಾಗಾಗಿ ಇದು ಈಚಿನ ಪ್ರಮಾಣದ ಲೆಕ್ಕವೆಂದು ನಾನು ಹೇಳಿದ್ದಕ್ಕೆ, ನಮ್ಮ ಸರಪಳಿಯೂ ಬಿಸಿಲಿಗೆ ಹಿಗ್ಗುತ್ತಿತ್ತು ಎಂದು ಉತ್ತರ ಬಂತು.)

ಈ ಬಗೆಯ ನಿವೇಶನವನ್ನು ಪಡೆದವನು ಗೊತ್ತಾದ ಬಾಡಿಗೆಯನ್ನು ಕಟ್ಟುತ್ತಿರುವಷ್ಟು ಕಾಲ ಅದನ್ನು ಮಕ್ಕಳಿಗೆ ಬಿಡಬಹುದಿತ್ತು, ಮಾರಬಹುದಿತ್ತು, ಅಡವಿಡಬಹುದಿತ್ತು. ಹಳ್ಳಿಯಲ್ಲಿ ಒಡೆಯನ ನೆಲಕ್ಕೆ ಕಟ್ಟುಬಿದ್ದು, ಅವನ ಹೊಲದಲ್ಲಿ ವಾರಕ್ಕೆ ಇಂತಿಷ್ಟು ದಿನ ಬಿಟ್ಟಿ ದುಡಿಯಬೇಕಾಗಿದ್ದ ರೈತನಿಗೂ ಪಟ್ಟಣದ ನಿವಾಸಿಗೂ ಇದ್ದ ದೊಡ್ಡ ವ್ಯತ್ಯಾಸ ಇದೇ. ಅನೇಕ ಪಟ್ಟಣಗಳಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು: ಒಡೆಯನ ಹಿಡಿತದಿಂದ ತಪ್ಪಿಸಿಕೊಂಡು ಬಂದವನು ಒಂದು ವರ್ಷ ಒಂದು ದಿನ ಊರೊಳಗೆ ಬಾಳಿದರೆ ಅವನು ಸ್ವತಂತ್ರ. ಜನ ಪಟ್ಟಣಕ್ಕೆ ಬರುತ್ತಿದ್ದುದು ಇಂಥದಕ್ಕಾಗಿಯೂ ಹೌದು. ಪಟ್ಟಣಗಳಲ್ಲಿ ಹುಟ್ಟಿಗಿಂತ ಸಾವು ಹೆಚ್ಚಿದ್ದು, ಹೊರಗಿನಿಂದ ಜನ ಬರುತ್ತಲೇ ಇದ್ದರೆ ಮಾತ್ರ ಊರು ಉಳಿಯುತ್ತಿತ್ತು ಎಂಬುದನ್ನು ನೆನೆದರೆ, ಜನರನ್ನು ಕರೆತರುವ ಆ ಹಕ್ಕೇ ಊರಿನ ಅಡಿಪಾಯವಾಗಿತ್ತು ಎನ್ನಬೇಕು.

ಆಟದಲ್ಲಿ ಜನ ಬರುವುದು ಬೇರೆ ಕಾರಣಕ್ಕೆ. 2001ರ ಸ್ಟ್ರಾಂಗ್‌ಹೋಲ್ಡ್‌ನಲ್ಲಿ ಕೋಟೆಯ ಎದುರಿನ ಬೆಂಕಿಯ ಸುತ್ತ ಹೊಸಬರು ಬಂದು ಕೂರುತ್ತಾರೆ. ಪಡಿ ಹೆಚ್ಚಿಸಿ, ತೆರಿಗೆ ಇಳಿಸಿ, ಏಲ್ ಹಂಚಿದರೆ ಜನಪ್ರಿಯತೆ ಏರಿ ಇನ್ನಷ್ಟು ಮಂದಿ ಬರುತ್ತಾರೆ. ಆ ಆಟದ ಒಂದು ಗುಣವನ್ನು ಮಾತ್ರ ಮೆಚ್ಚಬೇಕು: ಗಲ್ಲುಗಂಬ ನೆಟ್ಟು ಹೆದರಿಸಿದರೆ ಜನ ಹೆಚ್ಚು ದುಡಿಯುತ್ತಾರೆ ಆದರೆ ನಿನ್ನನ್ನು ದ್ವೇಷಿಸುತ್ತಾರೆ, ಹೂದೋಟ ಹಾಕಿದರೆ ಪ್ರೀತಿಸುತ್ತಾರೆ ಆದರೆ ಕೆಲಸ ನಿಧಾನವಾಗುತ್ತದೆ ಎಂದು ಅದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತದೆ. ಫೌಂಡೇಶನ್ ಎಂಬ ಇನ್ನೊಂದು ಆಟದಲ್ಲಿ ನಾವು ಮನೆಗಳನ್ನು ಇಡುವುದೇ ಇಲ್ಲ. ವಾಸಕ್ಕೆ ಯೋಗ್ಯವೆಂದು ಒಂದಿಷ್ಟು ನೆಲಕ್ಕೆ ಬಣ್ಣ ಬಳಿದರೆ, ಎಲ್ಲಿ ಕಟ್ಟಬೇಕೆಂದು ಊರವರೇ ತೀರ್ಮಾನಿಸುತ್ತಾರೆ. ಅಲ್ಲಿನ ಬೀದಿಗಳು ಸಹಜವಾಗಿ ಸೊಟ್ಟಗಾಗುತ್ತವೆ. ಆದರೆ ಈ ಎಲ್ಲ ಆಟಗಳಲ್ಲಿಯೂ ಊರವರಿಗೆ ಇರುವುದು ಸಂತೋಷ ಅಥವಾ ಅಸಂತೋಷ ಮಾತ್ರ. ಸಾಲ್ಸ್‌ಬರಿಯ ನಿವಾಸಿ ಬಿಷಪ್ಪನ ಬಗ್ಗೆ ಸಂತೋಷವಾಗಿದ್ದನೇ ಇಲ್ಲವೇ ಎಂಬುದರ ಮೇಲೆ ಅವನ ಐದೂಕಾಲು ಗುಂಟೆ ನಿಂತಿರಲಿಲ್ಲ.

ಮೂರು ಹೊಲಗಳ ಸರದಿಯಲ್ಲಿಯೂ ಇದೇ ಕಥೆ. ಒಂದರಲ್ಲಿ ಚಳಿಗಾಲದ ಬೆಳೆ, ಇನ್ನೊಂದರಲ್ಲಿ ವಸಂತದ ಬೆಳೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲು. ಮೇನರ್ ಲಾರ್ಡ್ಸ್ ಇದನ್ನು ಅಚ್ಚುಕಟ್ಟಾಗಿ ಅಳವಡಿಸಿಕೊಂಡಿದೆ. ಬೀಳು ಬಿಡದಿದ್ದರೆ ಮಣ್ಣಿನ ಸತ್ವ ಇಳಿಯುತ್ತದೆ. ಅದು ಬೇಸಾಯದ ಮಟ್ಟಿಗೆ ಸರಿ. ಆದರೆ ಒಬ್ಬ ರೈತನ ಪಟ್ಟಿಗಳು ಮೂರೂ ಹೊಲಗಳಲ್ಲಿ ಅಲ್ಲೊಂದು ಇಲ್ಲೊಂದು ಚದುರಿದ್ದವು, ಕೊಯ್ಲಾದ ಮೇಲೆ ಇಡೀ ಹೊಲ ಊರ ದನಗಳ ಮೇವಿಗೆ ತೆರೆಯುತ್ತಿತ್ತು, ಆದಕಾರಣ ಯಾವನೊಬ್ಬನೂ ತನಗೆ ಇಷ್ಟ ಬಂದಾಗ ಬಿತ್ತಿ ಇಷ್ಟ ಬಂದಾಗ ಕೊಯ್ಯುವಂತಿರಲಿಲ್ಲ ಎಂದು ವಿವರಿಸಿದಾಗ ಅಪ್ಪ ಎದ್ದು ಕುಳಿತರು. "ಪೋಡಿ ಆಗದ ಜಮೀನು! ಹಾಗಾದರೆ ಜಗಳ ಇರಲೇಬೇಕು" ಎಂದರು. ಇತ್ತು. ಇಂಗ್ಲೆಂಡಿನ ಒಡೆಯರ ಹಳ್ಳಿ ನ್ಯಾಯಾಲಯಗಳ ಕಡತಗಳು ಉಳಿದುಕೊಂಡಿವೆ. ಅವುಗಳ ತುಂಬ ಇರುವುದು ಬೇರೆಯವರ ಪೈರಿಗೆ ದನ ನುಗ್ಗಿಸಿದ್ದಕ್ಕೆ, ಬದು ಒತ್ತಿದ್ದಕ್ಕೆ ಬಿದ್ದ ದಂಡಗಳು. ತಪ್ಪಿಸಿಕೊಂಡು ಮೇಯುವ ದನಗಳನ್ನು ಹಿಡಿದು ಕೂಡಿಹಾಕಲು ನಮ್ಮ ಬಂದೀದೊಡ್ಡಿಯಂಥದ್ದೇ ದೊಡ್ಡಿ ಊರೂರಿನಲ್ಲಿತ್ತು. ಅದೇ ಕಡತಗಳಲ್ಲಿ ಏಲ್ ಕಾಯಿಸಿ ಮಾರಿದವರ ಮೇಲೆ ಪ್ರತಿ ಬೈಠಕ್ಕಿನಲ್ಲಿಯೂ ದಂಡ ಬಿದ್ದಿರುತ್ತದೆ. ಹೆಸರಿಗೆ ದಂಡ, ನಿಜದಲ್ಲಿ ಪರವಾನಗಿಯ ಶುಲ್ಕ. 14ನೆಯ ಶತಮಾನದ ನಡುವಿನ ಮಹಾಪ್ಲೇಗಿನ ಮೊದಲಿನ ಕಾಲದಲ್ಲಿ ಹಾಗೆ ದಂಡ ಕಟ್ಟಿದವರಲ್ಲಿ ಹೆಚ್ಚಿನವರು ಹೆಂಗಸರು. ಆಟದಲ್ಲಿ ಆ ಕಸುಬು ಒಂದು 'ಕುಟುಂಬ'ಕ್ಕೆ ಸೇರುತ್ತದೆ, ಅಲ್ಲಿ ಯಾರು ಕಾಯಿಸುತ್ತಾರೆ ಎಂದು ಕೇಳುವವರಿಲ್ಲ.

ಇಳುವರಿಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಗೋಧಿ ಬಿತ್ತಿದ್ದರ ಸುಮಾರು ನಾಲ್ಕರಷ್ಟು ಬಂದರೆ ಅದು ಸಾಧಾರಣ ಬೆಳೆ. ಅದರಲ್ಲಿ ಒಂದು ಪಾಲು ಮತ್ತೆ ಬೀಜಕ್ಕೆ ಹೋಗಬೇಕು, ಹತ್ತರಲ್ಲೊಂದು ಪಾಲು ದಶಮಾಂಶವಾಗಿ ಚರ್ಚಿಗೆ, ಮೇಲೆ ಒಡೆಯನದು. 1315ರಿಂದ 1317ರವರೆಗೆ ಬಿಡದೆ ಸುರಿದ ಮಳೆಯಲ್ಲಿ ಬೆಳೆ ಅರ್ಧಕ್ಕಿಳಿದಾಗ ಬೀಜದ ಪಾಲೇ ಬೆಳೆಯ ಅರ್ಧವಾಯಿತು. ನಾನು ಆಡಿದ ಬಹುತೇಕ ಆಟಗಳಲ್ಲಿ ಬಿತ್ತನೆಗೆಂದು ಕಾಳು ಎತ್ತಿಡುವ ಮಾತೇ ಇಲ್ಲ; ವಸಂತ ಬಂದರೆ ಹೊಲ ತಾನಾಗಿ ಬಿತ್ತಿಕೊಳ್ಳುತ್ತದೆ. ನಮ್ಮಜ್ಜಿ ಬಿತ್ತನೆಯ ರಾಗಿಯ ವಾಡೆಯ ಬಾಯಿಗೆ ಸಗಣಿ ಮೆತ್ತಿ ಮುಚ್ಚಿಬಿಡುತ್ತಿದ್ದರು, ಮನೆಯಲ್ಲಿ ಸಾಲ ತಂದು ಉಂಡ ದಿನಗಳಲ್ಲಿಯೂ ಅದನ್ನು ತೆರೆದದ್ದಿಲ್ಲ. ಕೊರತೆಯ ಆ ಭಯವನ್ನು ಆಟಕ್ಕೆ ತರುವುದು ಕಷ್ಟವೇನಲ್ಲ, ಒಂದು ಅಂಕಿ ಸೇರಿಸಿದರಾಯಿತು. ಆದರೆ ಹಕ್ಕು ಅಂಕಿಯಲ್ಲಿ ಬರುವುದಿಲ್ಲ.

ನೆಲಕ್ಕೆ ಹಾಸಿದ ಬೀಸುಕಲ್ಲುಗಳು

ಈ ಆಟಗಳಲ್ಲೆಲ್ಲ ಒಂದು ಗಿರಣಿ ಇದ್ದೇ ಇರುತ್ತದೆ. ಹೊಲದಿಂದ ಗೋಧಿ, ಗಿರಣಿಯಲ್ಲಿ ಹಿಟ್ಟು, ಒಲೆಯಲ್ಲಿ ಬ್ರೆಡ್; ಈ ಸರಪಣಿಯನ್ನು ಎಲ್ಲಿಯೂ ನಿಲ್ಲದಂತೆ ಓಡಿಸುವುದೇ ಆಟಗಾರನ ಜಾಣ್ಮೆ. ಗಿರಣಿ ಹತ್ತಿರವಿರಲಿ, ಗಾಳಿ ಚೆನ್ನಾಗಿರಲಿ, ಕೆಲಸಕ್ಕೆ ಒಂದು ಕುಟುಂಬವಿರಲಿ, ಇಷ್ಟು ನೋಡಿಕೊಂಡರೆ ಸಾಕು. ಗಿರಣಿಯ ಬಗ್ಗೆ ನನಗೆ ಗೊತ್ತಿರುವ ಅತ್ಯುತ್ತಮ ಕಥೆ ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್ ಊರಿನದು.

ಆ ಊರು ಅಲ್ಲಿನ ದೊಡ್ಡ ಕ್ರೈಸ್ತ ಮಠದ ಒಡೆತನದಲ್ಲಿತ್ತು. ಊರವರೆಲ್ಲ ತಮ್ಮ ಕಾಳನ್ನು ಮಠದ ಗಿರಣಿಯಲ್ಲಿಯೇ ಬೀಸಿಸಬೇಕು, ಬೀಸಿದ್ದಕ್ಕೆ ಒಂದು ಪಾಲು ಕೊಡಬೇಕು. ಜನ ಮನೆಯಲ್ಲಿಯೇ ಬೀಸುಕಲ್ಲು ಇಟ್ಟುಕೊಂಡು ಬೀಸತೊಡಗಿದರು. ನಮ್ಮಲ್ಲಾದರೆ ಅದು ಪ್ರತಿ ಮನೆಯ ಮುಂಜಾವಿನ ಸದ್ದು. ಅಲ್ಲಿ ಅದು ಅಪರಾಧ. 1327ರಿಂದ 1336ರವರೆಗೆ ಮಠಾಧಿಪತಿಯಾಗಿದ್ದ ರಿಚರ್ಡ್ ಆಫ್ ವಾಲಿಂಗ್‌ಫರ್ಡ್, ಗ್ರಹಗತಿಗಳನ್ನು ತೋರಿಸುವ ಗಡಿಯಾರವೊಂದನ್ನು ರೂಪಿಸಿದ ಗಣಿತಜ್ಞನೆಂದು ಇಂದು ನೆನಪಿನಲ್ಲಿ ಉಳಿದವನು, ಈ ವ್ಯಾಜ್ಯದಲ್ಲಿ ಗೆದ್ದು ಊರವರ ಬೀಸುಕಲ್ಲುಗಳನ್ನು ಕಿತ್ತು ತರಿಸಿ ಮಠದ ಅತಿಥಿಗಳ ಕೋಣೆಯ ನೆಲಕ್ಕೆ ಹಾಸಿಸಿದ. ಬರುವವರು ಹೋಗುವವರು ಅದರ ಮೇಲೆಯೇ ನಡೆಯಬೇಕು. ಸುಮಾರು ಐವತ್ತು ವರ್ಷ ಆ ಕಲ್ಲುಗಳು ಅಲ್ಲಿಯೇ ಇದ್ದವು. 1381ರ ಜೂನ್‌ನಲ್ಲಿ ಇಂಗ್ಲೆಂಡಿನ ರೈತರು ದಂಗೆಯೆದ್ದಾಗ, ವಿಲಿಯಂ ಗ್ರಿಂಡ್‌ಕಾಬ್‌ನ ಮುಂದಾಳುತನದಲ್ಲಿ ಸೇಂಟ್ ಆಲ್ಬನ್ಸ್‌ನವರು ಮಠಕ್ಕೆ ನುಗ್ಗಿ, ನೆಲವನ್ನು ಅಗೆದು, ಅಜ್ಜಂದಿರ ಕಾಲದ ಆ ಬೀಸುಕಲ್ಲುಗಳನ್ನು ಕಿತ್ತು, ಒಡೆದು ಚೂರು ಮಾಡಿ, ಭಾನುವಾರದ ದಿನ ಚರ್ಚಿನಲ್ಲಿ ಹರಸಿದ ರೊಟ್ಟಿ ಹಂಚುವಂತೆ ಹಂಚಿಕೊಂಡು ಮನೆಗೆ ಒಯ್ದರು. ಇದನ್ನು ಬರೆದಿಟ್ಟವನು ಅದೇ ಮಠದ ಸನ್ಯಾಸಿ ಥಾಮಸ್ ವಾಲ್ಸಿಂಗ್‌ಹ್ಯಾಮ್. ಅವನು ದಂಗೆಯವರ ಪರವಂತೂ ಅಲ್ಲ. ಮುಂದೆ ದಂಗೆ ಅಡಗಿತು, ಗ್ರಿಂಡ್‌ಕಾಬ್‌ನನ್ನು ಗಲ್ಲಿಗೇರಿಸಿದರು, ಮಠದಿಂದ ಬಲವಂತವಾಗಿ ಬರೆಸಿಕೊಂಡಿದ್ದ ಹಕ್ಕುಗಳ ಸನ್ನದನ್ನು ಊರವರು ಹಿಂದಿರುಗಿಸಬೇಕಾಯಿತು.

ನನ್ನ ಮೇನರ್ ಲಾರ್ಡ್ಸ್ ಊರಿನ ಗಾಳಿಗಿರಣಿ ನೋಡಲು ಬಹಳ ಚೆಂದವಿದೆ. ಅದರ ರೆಕ್ಕೆಯ ಬಟ್ಟೆ, ಮರದ ಜೋಡಣೆ, ತಿರುಗುವ ವೇಗ ಯಾವುದರಲ್ಲಿಯೂ ನನ್ನಂಥವನು ತಪ್ಪು ಹುಡುಕಲಾರ. ಆದರೆ ಆ ಊರಿನಲ್ಲಿ ಯಾವ ಮನೆಯಲ್ಲಿಯೂ ಬೀಸುಕಲ್ಲು ಇಲ್ಲ. ಗಿರಣಿಯೆಂದರೆ ಮೊದಲು ಸವಲತ್ತಲ್ಲ, ಒಡೆಯನು ವಸೂಲಿಗಾಗಿ ಇಟ್ಟ ಕೈ. ಅದರಿಂದ ತಪ್ಪಿಸಿಕೊಳ್ಳುವುದು ಊರವರ ದಿನನಿತ್ಯದ ಕಸುಬು. ಗಾಳಿಗಿರಣಿಯ ಪ್ರತಿಯೊಂದು ಮೊಳೆಯನ್ನು ಸರಿಯಾಗಿ ಚಿತ್ರಿಸಿ, ಅದರಿಂದ ತಪ್ಪಿಸಿಕೊಳ್ಳುವವನನ್ನು ಚಿತ್ರಿಸದೆ ಬಿಟ್ಟರೆ ಅಲ್ಲಿ ಉಳಿದದ್ದು ಇತಿಹಾಸದ ಯಾವ ಪಾಲು? ಒಡೆಯನ ಲೆಕ್ಕಪತ್ರದ ಪಾಲು ಎಂದು ನನಗನ್ನಿಸುತ್ತದೆ. ಅದರಲ್ಲಿ ಗಿರಣಿಯ ಆದಾಯ ಬರೆದಿರುತ್ತದೆ, ಬೀಸುಕಲ್ಲು ಬರೆದಿರುವುದಿಲ್ಲ.

ಡ್ಯಾನಿಯಲ್‌ನ ಮೇಲಿನಿಂದ

ಅಪ್ಪ ಬರುವುದಕ್ಕೆ ಹಿಂದಿನ ವರ್ಷ ಕಚೇರಿ ಕೆಲಸಕ್ಕೆಂದು ಮ್ಯೂನಿಕ್‌ಗೆ ಹೋಗಿದ್ದಾಗ, ಒಂದು ಭಾನುವಾರ ರೈಲು ಹಿಡಿದು ನೋರ್ಡ್‌ಲಿಂಗೆನ್ ನೋಡಲು ಹೋಗಿದ್ದೆ. ಅದು ಫ್ರಾಂಕೋನಿಯಾದ್ದಲ್ಲ, ಗಡಿಯ ಈಚೆಯ ಸ್ವಾಬಿಯಾದ ಊರು. ಆದರೆ ಆಟದಲ್ಲಿ ಕಂಡ ಬಗೆಯ ಪಟ್ಟಣವನ್ನು ಕಣ್ಣಾರೆ ನೋಡಬೇಕೆಂಬ ಆಸೆಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಕೋಟೆಯ ಗೋಡೆ ಇಂದಿಗೂ ಊರನ್ನು ಪೂರ್ತಿ ಸುತ್ತುವರಿದಿದೆ, ಸುಮಾರು 2.7 ಕಿಲೋಮೀಟರ್ ಉದ್ದದ ಅದರ ಮೇಲೆ, ಮಾಡಿನ ಕೆಳಗೆ, ಎಲ್ಲಿಯೂ ಇಳಿಯದೆ ಒಂದು ಸುತ್ತು ನಡೆಯಬಹುದು. ನಟ್ಟನಡುವೆ ಸೇಂಟ್ ಜಾರ್ಜ್ ಚರ್ಚು, ಅದಕ್ಕೆ ಊರವರು ಡ್ಯಾನಿಯಲ್ ಎಂದು ಕರೆಯುವ ಸುಮಾರು 90 ಮೀಟರ್ ಎತ್ತರದ ಗೋಪುರ.

ಏದುಸಿರು ಬಿಡುತ್ತಾ ಆ ಗೋಪುರ ಹತ್ತಿ ಕಟಾಂಜನದ ಬಳಿ ನಿಂತಾಗ ಮೊದಲು ಅನಿಸಿದ್ದು, ಈ ನೋಟವನ್ನು ನಾನು ಸಾವಿರ ಸಲ ನೋಡಿದ್ದೇನೆ ಎಂದು. ಕೆಂಪು ಹೆಂಚಿನ ಮಾಡುಗಳು, ಅವುಗಳ ನಡುವೆ ಬೆರಳಿನ ಗೆರೆಗಳಂಥ ಓಣಿಗಳು, ಆಚೆಗೆ ಗೋಡೆ, ಗೋಡೆಯಾಚೆಗೆ ಹೊಲ. ಆಟದ ಕ್ಯಾಮೆರಾ ನಿಲ್ಲುವುದು ಸರಿಯಾಗಿ ಈ ಎತ್ತರದಲ್ಲಿಯೇ. ಗಮನವಿಟ್ಟು ನೋಡಿದರೆ ಗೋಡೆಗಿಂತ ಒಳಗೆ ಇನ್ನೊಂದು ವೃತ್ತವೂ ಕಾಣಿಸುತ್ತದೆ, ಬೀದಿಯ ರೂಪದಲ್ಲಿ. ಊರಿನ ಮೊದಲ ಗೋಡೆ ಇದ್ದದ್ದು ಅಲ್ಲಿ. 1327ರಲ್ಲಿ ಬವೇರಿಯಾದ ಲುಡ್ವಿಗ್ ದೊರೆಯ ಅಪ್ಪಣೆಯಂತೆ, ಹಳೆಯ ಗೋಡೆಯಾಚೆ ಬೆಳೆದಿದ್ದ ಕೇರಿಗಳನ್ನೂ ಒಳಗೊಳ್ಳುವಂತೆ ಹೊಸ ಗೋಡೆಯ ಕೆಲಸ ಆರಂಭವಾಯಿತು. ಆ ಕೇರಿಗಳಲ್ಲಿ ಹೊಳೆಯಂಚಿನಲ್ಲಿರುವ ಚರ್ಮ ಹದಮಾಡುವವರ ಮನೆಗಳ ತೆರೆದ ಅಟ್ಟಗಳನ್ನು, ತೊಗಲು ಒಣಹಾಕುತ್ತಿದ್ದ ಜಾಗಗಳನ್ನು, ಈಗಲೂ ನೋಡಬಹುದು. (ಓಕ್ ಮರದ ತೊಗಟೆಯಲ್ಲಿ ದಪ್ಪ ತೊಗಲು ಹದವಾಗಲು ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕಾಗುತ್ತಿತ್ತು. ಆಟದಲ್ಲಿ ಕೆಲವೇ ದಿನಗಳು. ನಾರುವುದಂತೂ ಇಲ್ಲವೇ ಇಲ್ಲ.) ಹಳೆಯ ಗೋಡೆ ಹೋಗಿ ಶತಮಾನಗಳೇ ಕಳೆದರೂ ಅದರ ಗೆರೆ ಮಾತ್ರ ಹೋಗಿಲ್ಲ. ಗೋಡೆಗೆ ಬೆನ್ನುಕೊಟ್ಟು ನಿಂತಿದ್ದ ನಿವೇಶನಗಳು ಒಬ್ಬೊಬ್ಬರದಾಗಿದ್ದವು, ಅವುಗಳ ಗಡಿಯನ್ನು ಯಾರೂ ಸುಮ್ಮನೆ ಬಿಟ್ಟುಕೊಡುತ್ತಿರಲಿಲ್ಲ. ಗೋಡೆ ತೆಗೆದಾಗ ತೆರವಾದ ಜಾಗವೇ ಬೀದಿಯಾಯಿತು ಎಂದು ಅಲ್ಲಿ ನಿಂತು ಊಹಿಸಿದೆ. ನನ್ನ ಆಟದಲ್ಲಿ ಗೋಡೆ ಕೆಡವಿದ ಮರುಕ್ಷಣ ಅಲ್ಲಿ ಹುಲ್ಲು ಬೆಳೆಯುತ್ತದೆ, ಮೊದಲು ಏನಿತ್ತೆಂದು ನನಗೇ ನೆನಪಿರುವುದಿಲ್ಲ.

ಆ ಗೋಪುರದ ಮೇಲೆ ಈಗಲೂ ಕಾವಲುಗಾರರಿದ್ದಾರೆ. ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಅರ್ಧ ಗಂಟೆಗೊಮ್ಮೆ ಕೆಳಗಿನ ಊರಿಗೆ ಕೇಳುವಂತೆ ಕೂಗುತ್ತಾರೆ. ಬೆಂಕಿ ಬಿದ್ದಿದೆಯೇ, ದೂರದಲ್ಲಿ ಧೂಳೆದ್ದಿದೆಯೇ ಎಂದು ನೋಡುತ್ತಾ ಕೂರುವುದು ಹಿಂದೆ ಅವರ ಕೆಲಸವಾಗಿತ್ತು. ಇಡೀ ಊರನ್ನು ಒಂದೇ ನೋಟದಲ್ಲಿ, ನಾವು ಆಟಗಾರರು ನೋಡುವಂತೆ, ದಿನವೂ ನೋಡುತ್ತಿದ್ದವನು ಮಧ್ಯಯುಗದ ಪಟ್ಟಣದಲ್ಲಿ ಅವನೊಬ್ಬನೇ ಇದ್ದಿರಬೇಕು. ಅವನೋ ಊರಿನ ಸಂಬಳದ ಆಳು. ಕಂಡದ್ದನ್ನು ಕೂಗಿ ಹೇಳುವುದರಾಚೆಗೆ ಅವನ ಕೈಯಲ್ಲಿ ಏನೂ ಇರಲಿಲ್ಲ. ಅಧಿಕಾರವಿದ್ದ ಒಡೆಯನಿಗೆ ಈ ನೋಟ ಇರಲಿಲ್ಲ. ತನ್ನ ಕಣಜದಲ್ಲಿ ಎಷ್ಟಿದೆಯೆಂದು ತಿಳಿಯಲು ಅವನು ಪಾರುಪತ್ಯಗಾರನನ್ನು ನಂಬಬೇಕಾಗಿತ್ತು, ಆ ಪಾರುಪತ್ಯಗಾರ ಎಷ್ಟು ಕದ್ದಿದ್ದಾನೆಂದು ತಿಳಿಯಲು ಇನ್ನೊಬ್ಬ ಲೆಕ್ಕಿಗನನ್ನು. ಈ ಇಬ್ಬರ ಪಾಲನ್ನೂ ಆಟ ಒಬ್ಬನಿಗೇ ಕೊಟ್ಟುಬಿಟ್ಟಿದೆ.

ಎಲ್ಲವೂ ಒಡೆಯ ಎಣಿಸಿದಂತೆ ನಡೆಯಲಿಲ್ಲ ಎನ್ನುವುದಕ್ಕೆ ಇನ್ನೊಂದು ಊರನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ವಿಂಚೆಲ್ಸಿ ಸಮುದ್ರದ ಪಾಲಾಗುತ್ತಿದ್ದುದರಿಂದ ದೊರೆ ಎಡ್ವರ್ಡ್ 1280ರ ದಶಕದಲ್ಲಿ ಗುಡ್ಡದ ಮೇಲೆ ಹೊಸ ವಿಂಚೆಲ್ಸಿಯನ್ನು ಚದುರಂಗದ ಹಾಸಿನಂತೆ ಬೀದಿ ಎಳೆದು, 39 ಭಾಗಗಳಾಗಿ ಹಂಚಿ ಕಟ್ಟಿಸಿದ. ಮುಂದೆ ಬಂದರು ಹೂಳು ತುಂಬಿತು, ಜನ ಕರಗಿದರು. ದೊರೆಯ ಎಷ್ಟೋ ಚೌಕಗಳಲ್ಲಿ ಇಂದು ಹುಲ್ಲು ಬೆಳೆದಿದೆ.

ಕೆಡವುವ ಗುಂಡಿಯ ಮೇಲೊಂದು ಶಾಪ

ವಿಜಯನಗರವನ್ನು ಇಟ್ಟುಕೊಂಡು ಇಂಥದೊಂದು ಆಟ ಏಕಿಲ್ಲ ಎಂದು ಗೆಳೆಯರು ಆಗಾಗ ಕೇಳುತ್ತಾರೆ. ತುರ್ತಾ ಕಾಲುವೆಯಲ್ಲಿ ನೀರು ಇಂದಿಗೂ ಹರಿಯುತ್ತಿದೆ, ಹಂಪಿಯ ರಥಬೀದಿಗಳ ಕಲ್ಲುಮಂಟಪಗಳು ನಿಂತಿವೆ, ಸಾಮಗ್ರಿಗೆ ಕೊರತೆಯಿಲ್ಲ. ನನಗೂ ಆಡುವ ಆಸೆಯಿದೆ. ಆದರೆ ಬ್ಯಾನಿಶ್ಡ್‌ನ ಮನೆಗಳಿಗೆ ಕಲ್ಲುಕಂಬ ಹಚ್ಚಿ, ಗೋಧಿಯ ಬದಲು ಭತ್ತ ಬೆಳೆಸಿದರೆ ಮತ್ತೆ ಆಲೂಗಡ್ಡೆಯ ಮಟ್ಟಕ್ಕೇ ಬಂದು ನಿಂತಂತಾಯಿತು. ನಮ್ಮ ಊರೂರಿನ ದತ್ತಿಶಾಸನಗಳನ್ನು ಓದಿದವರಿಗೆ ಗೊತ್ತು: ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಎಲ್ಲೆಯನ್ನು ಮರ ಕಲ್ಲು ಹಳ್ಳಗಳ ಸಮೇತ ಹೇಳಿ, ಕೊನೆಗೆ ಶಾಪವೊಂದನ್ನು ಕೆತ್ತಿರುತ್ತಾರೆ. ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಕೊಟ್ಟ ನೆಲವನ್ನು ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶ್ಲೋಕವಂತೂ ಕಲ್ಲಿನಿಂದ ಕಲ್ಲಿಗೆ ಮರಳಿ ಮರಳಿ ಬರುತ್ತದೆ. 'ತಾನು ಕೊಟ್ಟದ್ದಾಗಲಿ' ಎಂಬ ಮಾತನ್ನು ಗಮನಿಸಬೇಕು. ಆ ಶಾಪದ ಮುಖವಿರುವುದು ನೆರೆಯವನ ಕಡೆಗಷ್ಟೇ ಅಲ್ಲ, ಕೊಟ್ಟ ಅರಸನ ಕಡೆಗೂ, ಅವನ ಮುಂದಿನವರ ಕಡೆಗೂ. ಕಿತ್ತುಕೊಂಡವರು ಇರಲಿಲ್ಲವೆಂದಲ್ಲ, ಇದ್ದುದರಿಂದಲೇ ಅಷ್ಟು ಬಾರಿ ಕೆತ್ತಬೇಕಾಯಿತು. ಆದರೂ ಕೆಡವುವ ಗುಂಡಿ ಒತ್ತುವ ಮುಂಚೆ ಅರಸನ ಕಣ್ಣಿಗೆ ಬೀಳುವಂತೆ ಅದೊಂದು ನಿಂತಿತ್ತು.

ಹಾಗಾದರೆ ಆಟಕ್ಕೆ ಏನನ್ನು ಸೇರಿಸಬೇಕು ಎಂದು ಯೋಚಿಸುತ್ತಾ ನಾನೊಂದು ಉಪಾಯ ಮಾಡಿದೆ. ಕ್ರುಸೇಡ್ ಎಂಬ ಧರ್ಮಯುದ್ಧಕ್ಕೆ ಹೊರಟ ಇಂಗ್ಲೆಂಡಿನ ದೊರೆ ಮೊದಲನೆಯ ರಿಚರ್ಡ್ ಖರ್ಚಿಗೆ ಹಣ ಹೊಂದಿಸಲು ಪಟ್ಟಣಗಳಿಗೆ ಸನ್ನದುಗಳನ್ನು ಮಾರಿದ. ಆಟದಲ್ಲಿಯೂ ಹಾಗೆಯೇ ಆಗಲಿ. ಯುದ್ಧ ಬಂದು ಬೊಕ್ಕಸ ಬರಿದಾದಾಗ ಊರವರು ಬಂದು, ಇಷ್ಟು ಹಣ ಕೊಡುತ್ತೇವೆ, ತೆರಿಗೆಯನ್ನು ಇನ್ನು ಮೇಲೆ ಏರಿಸಕೂಡದು ಎನ್ನಲಿ. ಒಪ್ಪಿದರೆ ಹಣ ಬರುತ್ತದೆ, ಪರದೆಯ ಮೇಲಿನ, ತೆರಿಗೆಯನ್ನು ಏರಿಸಿ ಇಳಿಸುವ ಕಡ್ಡಿ ಶಾಶ್ವತವಾಗಿ ಮಾಯವಾಗುತ್ತದೆ. ಮುಂದಿನ ಸಲ ಗಿರಣಿಯ ಹಕ್ಕು, ಅದರ ಮುಂದಿನ ಸಲ ಕೆಡವುವ ಗುಂಡಿ. ಆಟ ಬೆಳೆದಂತೆ ಊರು ದೊಡ್ಡದಾಗುತ್ತಾ, ನನ್ನ ಕೈಯಲ್ಲಿನ ಗುಂಡಿಗಳು ಕಡಿಮೆಯಾಗುತ್ತಾ ಹೋಗಲಿ. ನೇರ ಮಾಡಬೇಕೆಂದಿದ್ದ ದಾರಿ ಸೊಟ್ಟಗೆಯೇ ಉಳಿಯಲಿ, ಎತ್ತು ಸುತ್ತಿಕೊಂಡೇ ಬರಲಿ. ಒತ್ತುವರಿ ಮಾಡಿದ ನೆರೆಯವರು ನನ್ನ ನ್ಯಾಯಾಲಯಕ್ಕೆ ಬರಲಿ, ನಾನೇ ಒತ್ತುವರಿ ಮಾಡಿದ್ದರೆ ನನ್ನ ಮೇಲೆಯೇ ದಾವೆ ಹೂಡಲಿ.

ಅಪ್ಪ ಊರಿಗೆ ಹೊರಡುವ ಹಿಂದಿನ ರಾತ್ರಿ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ಹದ್ದುಬಸ್ತಿಗೆ ಹೋದಾಗ ಬಾಂದುಕಲ್ಲನ್ನು ರಾತ್ರೋರಾತ್ರಿ ಎರಡು ಮಾರು ಸರಿಸಿಟ್ಟು, ಬೆಳಿಗ್ಗೆ ತಮಗೇ ಮಜ್ಜಿಗೆ ತಂದುಕೊಟ್ಟ ರೈತನೊಬ್ಬನ ಕಥೆಯನ್ನು ಮತ್ತೊಮ್ಮೆ ಹೇಳಿದರು. ಆಮೇಲೆ ಚೀಲದ ಜಿಪ್ ಎಳೆಯುತ್ತಾ, "ಅಂಥ ಆಟವನ್ನು ದುಡ್ಡು ಕೊಟ್ಟು ಯಾರು ಆಡುತ್ತಾರೋ? ನನಗೆ ಸರ್ಕಾರ ಸಂಬಳ ಕೊಟ್ಟು ಆಡಿಸಿತು" ಎಂದರು.